ಇಸ್ತ್ರಿ ಹಲಗೆಯ ಅಂಗಡಿ

ಮಡಚುವ ಮೇಜಿನ ಕಾಲು ಡಾನ್‌ಕಾಸ್ಟರಿನಲ್ಲಿ ಮುರಿಯಿತು.
ಅಂದಿನಿಂದ ಡ್ರಮ್ಮು ಬಾರಿಸುವವನ ತಾಯಿಯ
ಇಸ್ತ್ರಿ ಹಲಗೆಯೇ ನಮ್ಮ ಅಂಗಡಿ.
ಹಾಡಿದರೆ ಹೊಟ್ಟೆ ತುಂಬುತ್ತದಾ ಎಂದು ಆಕೆ ಕೇಳಲಿಲ್ಲ,
ಭಾನುವಾರದೊಳಗೆ ಹಲಗೆ ವಾಪಸು ಬರಲಿ ಅಂದಳು, ಅಷ್ಟೆ.
ಯಾವ ಭಾನುವಾರ ಎನ್ನಲಿಲ್ಲ.
ಮೇಲೆ ಅಂಗಿ, ಸೀಡಿ, ಚಿಲ್ಲರೆಗೆ ಬಿಸ್ಕತ್ತಿನ ಡಬ್ಬಿ.
ಹಿಂದೆ ನಾನು.

ಹಲ್ ಪಟ್ಟಣ, ಬಂದರಿನ ಹತ್ತಿರದ ಪಬ್ಬಿನ ಮಹಡಿ.
ಕಿಟಕಿ ತೆಗೆದರೆ ಮೀನಿನ ವಾಸನೆ, ಮುಚ್ಚಿದರೆ ಬಿಯರಿನದು.
ನಲವತ್ತಮೂರು ಜನ. ಎಣಿಸಿದ್ದೇನೆ;
ಎಣಿಸುವುದೇ ನನ್ನ ವಾದ್ಯ.
ಬಾಗಿಲ ದುಡ್ಡಿನಲ್ಲಿ ಪಬ್ಬಿನವನ ಪಾಲು,
ಮೈಕು ಹೊಂದಿಸುವವನ ಪಾಲು ಕಳೆದು
ಮಿಕ್ಕಿದ್ದನ್ನು ನಾಲ್ವರಿಗೆ ಹಂಚಿದರೆ
ತಲೆಗೊಂದು ಪೊಟ್ಟಣ ಚಿಪ್ಸು.
ವಿನಿಗರ್ ಬಿಟ್ಟಿ.

ಮನೆಯಲ್ಲೇ ಫೋನಿನಲ್ಲಿ ಕೇಳುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ.
ಪೆನ್ನಿಯನ್ನು ಉಗುರಿನಲ್ಲಿ ಕೆರೆದರೆ
ಉದುರುವ ಪುಡಿ ಇದೆಯಲ್ಲ,
ಅದು, ಒಂದು ಸಲ ಕೇಳಿದ್ದಕ್ಕೆ.
ಅದಕ್ಕೆ ಕಳವು ಅನ್ನುವುದಿಲ್ಲ, ಒಪ್ಪಂದ ಅನ್ನುತ್ತಾರೆ.
ಹಾಗಾಗಿ ನಿಜ ಹೇಳಬೇಕೆಂದರೆ ನಾವು ಬಟ್ಟೆ ವ್ಯಾಪಾರಿಗಳು.
ಜನ ಸೇರಲೆಂದು ಒಂದಿಷ್ಟು ಹಾಡುತ್ತೇವೆ.

ಎಲ್ಲ ಮುಗಿದ ಮೇಲೆ ಬಂದ ಒಬ್ಬ.
ಐವತ್ತು ದಾಟಿರಬೇಕು, ಮಂಜುಗಡ್ಡೆ ಹೊತ್ತವರ ಕೆಂಪು ಕೈ.
ಕೋಟಿನ ಒಳಜೇಬಿನಿಂದ ತೆಗೆದು ಹಲಗೆಯ ಮೇಲಿಟ್ಟ:
ನಮ್ಮ ಮೊದಲ ಆಲ್ಬಮ್ಮು. ಆದರೆ ನಮ್ಮದಲ್ಲ.
ಬೋಳು ಸೀಡಿ, ನೀಲಿ ಮಾರ್ಕರು, ಅವನದೇ ಕೋಳಿಕಾಲು ಅಕ್ಷರ.
"ಇದಕ್ಕೊಂದು ಸಹಿ ಬೇಕಿತ್ತು."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ.
ಅವನು ನೆಟ್ಟಗೇ ನಿಂತಿದ್ದ. ಒಳಗೆ ಬೊಗಳಿದ್ದು ನಾನು:
ಹನ್ನೊಂದು ವರ್ಷ,
ಇನ್ನು ಯಾರ್ಯಾರಿಗೆ ನಕಲು ಮಾಡಿ ಹಂಚಿದನೋ,
ಅದೇ ಚಳಿಗಾಲವಲ್ಲವೇ ನೆರಿಸ್ ತನ್ನ ಆಂಪ್ಲಿಫೈಯರು ಅಡವಿಟ್ಟದ್ದು

ನೆರಿಸ್ ಬಂದಳು, ಬೆವರಿನ್ನೂ ಆರಿರಲಿಲ್ಲ.
ಸೀಡಿಯನ್ನು ಬಲ್ಬಿನ ಕೆಳಗೆ ತಿರುಗಿಸಿ ತಿರುಗಿಸಿ ಓದಿದಳು.
ನಕಲಿನ ಜೊತೆ ಹಾಡುಗಳ ಹೆಸರು ಬಂದಿರಲಿಲ್ಲ;
ಇವನೇ ಇಟ್ಟುಕೊಂಡಿದ್ದ.
ಎರಡನೆಯದು, ಬಸ್ಸು ತಪ್ಪಿದ್ದು.
ಐದರ ಮುಂದೆ ಬರೀ ಪ್ರಶ್ನೆಚಿಹ್ನೆ.
ನಾವು "ವಿದಾಯ, ಭಾಗ ಎರಡು" ಎಂದು ಅಚ್ಚು ಹಾಕಿಸಿದ
ಏಳನೆಯದಕ್ಕೆ
"ಆಸ್ಪತ್ರೆಯ ಕಾರ್ ಪಾರ್ಕು".

"ಇದ್ಯಾಕೆ ಹೀಗೆ?"
"ಅಲ್ಲಿ ಕೂತು ಕೇಳಿದ್ದು. ಐರೀನ್ ಒಳಗಿದ್ದಳು.
ಸಂಜೆ ಆರರ ಮೇಲೆ ಪಾರ್ಕಿಂಗ್ ಬಿಟ್ಟಿ."
ಮುಂದೆ ಅವನು ಹೇಳಲಿಲ್ಲ.
ನೆರಿಸ್ ಸಹಿ ಹಾಕಿದಳು, ಪ್ರಶ್ನೆಚಿಹ್ನೆಯ ಪಕ್ಕ.

"ನನ್ನದು ಎಷ್ಟಾಯಿತು?" ಎಂದು ನನ್ನ ಕಡೆ ತಿರುಗಿದ.
ಬಾಯಿ ತೆರೆದೆ, ಮೊತ್ತ ಬರಲಿಲ್ಲ.
"ಅಂಗಿ ತಗೊಳ್ಳಿ, ಹದಿನೈದು" ಅಂದೆ.
ಉಳಿದದ್ದು ಊರೂರು ತಿರುಗಿ ಬಂದ ಅತಿ ದೊಡ್ಡ ಅಳತೆಯದು,
ಇವನೋ ಕಡ್ಡಿ.
"ಒಗೆದರೆ ಕುಗ್ಗುತ್ತೆ ಬಿಡಿ" ಎಂದು
ಇಪ್ಪತ್ತು ಪೌಂಡಿನ ನೋಟು ಕೊಟ್ಟು
ಚಿಲ್ಲರೆಗೆ ನಿಲ್ಲದೆ ಮೆಟ್ಟಿಲಿಳಿದ.

ಲೀಡ್ಸಿನ ದಾರಿಯಲ್ಲಿ ಲೆಕ್ಕ ಹಾಕಿದೆ.
ಅಂಗಿಯ ಅಸಲು ಕಳೆದು, ಡೀಸೆಲ್ಲಿಗೆ ಭಾಗಿಸಿದರೆ
ಅವನ ದುಡ್ಡು ನಮ್ಮನ್ನು ಗೂಲ್ ದಾಟಿಸಿತು.
ಆಮೇಲಿನ ಕತ್ತಲೆ ನಮ್ಮ ಖರ್ಚು.

ಮುಂದಿನ ಗುರುವಾರ ಬ್ರಾಡ್‌ಫರ್ಡ್.
ವೇದಿಕೆಯ ನೆಲಕ್ಕೆ ಅಂಟಿಸಿದ ಚೀಟಿ, ನೆರಿಸ್‌ಳ ಅಕ್ಷರ.
ಕೊನೆಯ ಹಾಡು: ಆಸ್ಪತ್ರೆಯ ಕಾರ್ ಪಾರ್ಕು.
ಮೈಕಿನಲ್ಲೂ ಹಾಗೆಯೇ ಹೇಳಿದಳು,
ಹುಟ್ಟಿದಾಗಿನಿಂದ ಅದಕ್ಕೆ ಅದೇ ಹೆಸರೆಂಬಂತೆ.
ಅವನನ್ನು ಕೇಳಿರಲಿಲ್ಲ. ಕಾಸು ಕೊಟ್ಟಿರಲಿಲ್ಲ.
ಕೊಡೋಣವೆಂದರೆ
ಅವನ ಹೆಸರನ್ನು ನಾವ್ಯಾರೂ ಕೇಳಿಟ್ಟುಕೊಂಡಿಲ್ಲ.

ಹಲಗೆ ಬಿಡಿಸಿದೆ, ಅಂಗಿ ಜೋಡಿಸಿದೆ.
ಮೂವತ್ತೊಂದು ಜನ.